“ಕೇಳಿ ಹಾಕ್ತಾರಾ ಮಿಸ್?” – ಕುಟುಂಬ ಯೋಜನೆ ಸೇವೆಯ ಗುಣಮಟ್ಟ: ಹತ್ತನೇ ತರಗತಿಯ ಒಂದು ಪಾಠಾನುಭವ

ಬೋಧನಾಭ್ಯಾಸದ ಎರಡನೇ ವಾರ, ಸಂಪಿಗೆ ರಸ್ತೆಗೆ ಹತ್ತಿರದ ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ನನಗೆ ಹತ್ತನೇ ತರಗತಿಯ ಸಂತಾನೋತ್ಪತ್ತಿ ಅಧ್ಯಾಯ ಬಂತು. ಅದರ ಕೊನೆಯ ಭಾಗ ಸಂತಾನೋತ್ಪತ್ತಿ ಆರೋಗ್ಯ. ಕಾಂಡೋಮ್, ಮಾತ್ರೆ, ಕಾಪರ್-ಟಿ, ಶಸ್ತ್ರಚಿಕಿತ್ಸೆ ಎಂದು ಕರಿಹಲಗೆಯ ಮೇಲೆ ಕೋಷ್ಟಕ ಬರೆದೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಮೌಲ್ಯಮಾಪನದ ಪ್ರಶ್ನೆಗಳಿಗೆ ಸರಿಯುತ್ತರ ಬಂತು. ಪಾಠಯೋಜನೆಯ ಪ್ರಕಾರ ಪಾಠ ಯಶಸ್ವಿ.

ಹೆಸರು ಬರೆಯದೆ ಪ್ರಶ್ನೆ ಹಾಕಲೆಂದು ರಟ್ಟಿನ ಡಬ್ಬಿಯೊಂದನ್ನು ಇಟ್ಟಿದ್ದೆ. ಮರುದಿನ ಅದರಲ್ಲಿ ಒಂದು ಚೀಟಿ ಇತ್ತು: “ಕಾಪರ್-ಟಿ ಹಾಕೋ ಮುಂಚೆ ಕೇಳಿ ಹಾಕ್ತಾರಾ ಮಿಸ್?”

ನನ್ನ ಕೋಷ್ಟಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ನನಗೆ ಹೊಸದೇನಲ್ಲ. ನನ್ನ ಅಕ್ಕನಿಗೆ ಹೆರಿಗೆಯಾದ ಮರುದಿನ ಕಾಪರ್-ಟಿ ಹಾಕಿದ್ದರು. ಸಹಿ ಮಾಡಿದ್ದು ಅವಳಿಗೆ ನೆನಪಿದೆ. ಯಾಕೆಂದು ಯಾರಾದರೂ ವಿವರಿಸಿದ್ದು ನೆನಪಿಲ್ಲ. ಕೆಲವು ತಿಂಗಳ ನಂತರ ಮುಟ್ಟು ಮರಳಿದಾಗ ಸ್ರಾವ ಹೆಚ್ಚಾಗಿ, ಏನೋ ದೊಡ್ಡ ಕಾಯಿಲೆಯೆಂದು ಹೆದರಿದಳು. ಮೊದಲ ತಿಂಗಳುಗಳಲ್ಲಿ ಸ್ರಾವ, ಹೊಟ್ಟೆನೋವು ಹೆಚ್ಚಾಗಬಹುದು, ಬೇಡವೆನಿಸಿದರೆ ಯಾವಾಗ ಬೇಕಾದರೂ ತೆಗೆಸಬಹುದು ಎಂಬ ಎರಡು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಸಾಧನದಲ್ಲಿ ದೋಷವಿರಲಿಲ್ಲ, ಸೇವೆಯಲ್ಲಿತ್ತು.

ಗುಣಮಟ್ಟ ಎಂದರೇನು?

1990ರಲ್ಲಿ ಜೂಡಿತ್ ಬ್ರೂಸ್ ಎಂಬ ಸಂಶೋಧಕಿ ಕುಟುಂಬ ಯೋಜನೆ ಸೇವೆಯ ಗುಣಮಟ್ಟವನ್ನು ಆರು ಅಂಶಗಳಲ್ಲಿ ಗುರುತಿಸಿದರು: ವಿಧಾನಗಳ ಆಯ್ಕೆ, ಮಹಿಳೆಗೆ ಸಿಗುವ ಮಾಹಿತಿ, ಸಿಬ್ಬಂದಿಯ ತಾಂತ್ರಿಕ ಕೌಶಲ, ಆಕೆಯೊಂದಿಗಿನ ನಡವಳಿಕೆ, ಮರುಭೇಟಿಯ ವ್ಯವಸ್ಥೆ, ಇತರ ಆರೋಗ್ಯ ಸೇವೆಗಳ ಜೋಡಣೆ. ಎಷ್ಟು ಜನರಿಗೆ ಸೇವೆ ಕೊಟ್ಟೆವು ಎಂಬ ಲೆಕ್ಕ ಈ ಆರರಲ್ಲಿ ಇಲ್ಲ.

ನಮ್ಮ ನಾಡಿಗೆ ಈ ವಿಷಯ ಹಳೆಯದು. 1930ರಲ್ಲೇ ಮೈಸೂರು ಸರ್ಕಾರ ಬೆಂಗಳೂರು, ಮೈಸೂರುಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್‌ ತೆರೆಯಲು ಆದೇಶಿಸಿತ್ತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆಗಳೂ ಇವೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಪುರುಷರ ವಾಸೆಕ್ಟಮಿ ಶೂನ್ಯಕ್ಕೆ ಹತ್ತಿರ. ವಾಸೆಕ್ಟಮಿ ಇದಕ್ಕಿಂತ ಸರಳ ಶಸ್ತ್ರಚಿಕಿತ್ಸೆ. ನನ್ನ ಕೋಷ್ಟಕದಲ್ಲಿ ಎರಡೂ ಅಕ್ಕಪಕ್ಕ ಸಮನಾಗಿ ನಿಂತಿದ್ದವು.

ಸಂಖ್ಯೆಯ ಹಿಂದೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯಲ್ಲಿ ನಡೆದದ್ದು ಸಾಕ್ಷಿ. ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಯಿತು; ನಂತರ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು.

ಮರುಪಾಠ

ಮಾರ್ಗದರ್ಶಕ ಶಿಕ್ಷಕಿಗೆ ಚೀಟಿ ತೋರಿಸಿದೆ. “ಪೋಷಕರು ಬಂದು ಕೇಳಿದರೆ ಏನು ಹೇಳ್ತೀಯಮ್ಮ?” ಎಂದರು. ಪಠ್ಯದಲ್ಲೇ ಅಡ್ಡಪರಿಣಾಮಗಳ ಮಾತಿದೆ, ಅದನ್ನೇ ವಿಸ್ತರಿಸುತ್ತೇನೆ ಎಂದು ಪಾಠಯೋಜನೆ ಬರೆದು ಮುಖ್ಯ ಶಿಕ್ಷಕಿಯ ಒಪ್ಪಿಗೆ ಪಡೆದೆ.

ಈ ಸಲ ಕೋಷ್ಟಕ ಬರೆಯಲಿಲ್ಲ. ತರಗತಿಯನ್ನು ಆರು ಗುಂಪು ಮಾಡಿ, ಗುಂಪಿಗೊಂದು ಅಂಶ ಕೊಟ್ಟೆ. “ಕ್ಲಿನಿಕ್‌ಗೆ ಹೋದ ಮಹಿಳೆ ಯಾವ ಪ್ರಶ್ನೆ ಕೇಳಬೇಕು?” ಎಂಬುದಷ್ಟೇ ಕೆಲಸ. ಬಂದ ಪ್ರಶ್ನೆಗಳಲ್ಲಿ ಕೆಲವು: ಬೇರೆ ಯಾವ ವಿಧಾನ ಇದೆ? ಇದರಿಂದ ಏನೇನು ತೊಂದರೆ ಆಗಬಹುದು? ತೊಂದರೆ ಆದರೆ ಯಾರ ಹತ್ತಿರ ಬರಬೇಕು? ಪರದೆ ಹಾಕಿರ್ತಾರಾ?

ಒಂದು ಗುಂಪು “ಗಂಡನ ಸಹಿ ಬೇಕು” ಎಂದು ಬರೆದಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸಂಗಾತಿಯ ಒಪ್ಪಿಗೆ ಕಡ್ಡಾಯವಲ್ಲ, ಮಾಡಿಸಿಕೊಳ್ಳುವವರು ತಿಳಿದು ಕೊಡುವ ಒಪ್ಪಿಗೆಯೇ ಮುಖ್ಯ ಎಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ ಎಂದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. ಎರಡು ದಿನಗಳಲ್ಲಿ ಮೊದಲ ಸಲ ತಲೆ ಎತ್ತಿ ಮಾತಾಡಿದರು.

ಕೊನೆಗೆ ಚೀಟಿಗೂ ಉತ್ತರ ಕೊಟ್ಟೆ: “ಕೇಳಲೇಬೇಕು. ಕೇಳದೆ ಹಾಕಿದರೆ ಅದು ತಪ್ಪು. ತೆಗೆಸಿಕೊಳ್ಳುವ ಹಕ್ಕೂ ಇದೆ.” ಬರೆದವಳು ಯಾರೆಂದು ನಾನು ಹುಡುಕಲಿಲ್ಲ.

ನನ್ನ ಕಲಿಕೆ

ಮೊದಲ ಪಾಠವನ್ನು ಅದೇ ಆರು ಅಂಶಗಳಿಂದ ಅಳೆದೆ. ವಿಧಾನಗಳ ಪಟ್ಟಿ ಕೊಟ್ಟಿದ್ದೆ, ತಾಂತ್ರಿಕವಾಗಿ ತಪ್ಪಿರಲಿಲ್ಲ. ಆದರೆ ಎದುರಿಗಿದ್ದವರಿಗೆ ಏನು ತಿಳಿಯಬೇಕಿದೆ ಎಂದು ಕೇಳಿರಲಿಲ್ಲ, ಮತ್ತೆ ಬಂದು ಕೇಳಲು ಡಬ್ಬಿಯ ಹೊರತು ದಾರಿ ಬಿಟ್ಟಿರಲಿಲ್ಲ. ಅಕ್ಕನ ಸಹಿ ಹಾಕಿಸಿಕೊಂಡವರೂ ಇಷ್ಟೇ ಮಾಡಿದ್ದರು. ಈ ಅಧ್ಯಾಯ ತೆಗೆದುಕೊಳ್ಳುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ಪ್ರಶ್ನೆ ಡಬ್ಬಿಯನ್ನು ಪಾಠದ ನಂತರವಲ್ಲ, ಹಿಂದಿನ ದಿನವೇ ಇಡಿ; ಅದರಲ್ಲಿ ಬಂದದ್ದನ್ನು ನೋಡಿ ಪಾಠಯೋಜನೆ ಬರೆಯಿರಿ.