ನೆಲದ ಹಸುರು ಹೊದಿಕೆ: ಪೀತಭೃಂಗರಾಜ

ಬಿರುಮಳೆ ಸುರಿದ ಮರುದಿನ ತೋಟದ ಗೋಡೆಯ ಬುಡವನ್ನು ನೋಡಿರಿ. ನೆಲದಿಂದ ಒಂದು ಗೇಣು ಎತ್ತರದವರೆಗೆ ಬಿಳಿಯ ಸುಣ್ಣದ ಮೇಲೆ ಕೆಮ್ಮಣ್ಣಿನ ಚುಕ್ಕೆಗಳು ಸಿಡಿದಿರುತ್ತವೆ. ಈ ಮಣ್ಣನ್ನು ಅಲ್ಲಿಗೆ ಎಸೆದವರಾರು? ಆಕಾಶದಿಂದ ಬಿದ್ದ ಮಳೆಯ ಹನಿಗಳೇ.

ಈ ಹೊಡೆತದ ಬಲವೆಷ್ಟೆಂಬುದನ್ನು ಲೆಕ್ಕ ಮಾಡೋಣ. 2 ಮಿಲಿಮೀಟರ್ ವ್ಯಾಸದ ಹನಿಯು ಗಾಳಿಯ ತಡೆಯಿಂದಾಗಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗವನ್ನು ಮೀರಲಾರದು. ಒಂದು ಚದರ ಮೀಟರ್ ನೆಲದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಆ ನೀರಿನ ರಾಶಿ 10 ಕಿಲೋಗ್ರಾಂ. ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಸುಮಾರು 210 ಜೂಲ್ ಚಲನಶಕ್ತಿ ಬರುತ್ತದೆ. ಒಂದು ಕಿಲೋಗ್ರಾಂ ತೂಕದ ಬೊಟ್ಟನ್ನು 21 ಮೀಟರ್ ಎತ್ತರದಿಂದ ಬೀಳಿಸಿದಂತೆಯೇ ಸರಿ! ಈ ಶಕ್ತಿಯು ಮಣ್ಣಿನ ಹರಳುಗಳನ್ನು ಒಡೆಯುತ್ತದೆ. ಒಡೆದ ನುಣ್ಣನೆಯ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ. ಇಂಗಬೇಕಾದ ನೀರು ಮೇಲ್ಮಣ್ಣನ್ನು ಹೊತ್ತುಕೊಂಡು ಹರಿದುಹೋಗುತ್ತದೆ.

ಮರ ನೆಟ್ಟರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಎತ್ತರದ ಎಲೆಗಳಲ್ಲಿ ಸಣ್ಣ ಹನಿಗಳು ಕೂಡಿ ದಪ್ಪನಾಗಿ, ಕೆಳಗಿಳಿಯುವಷ್ಟರಲ್ಲಿ ಮತ್ತೆ ವೇಗವನ್ನು ಗಳಿಸಿಕೊಳ್ಳುತ್ತವೆ. ನೆಲದಿಂದ 10 ಸೆಂಟಿಮೀಟರ್ ಎತ್ತರದಲ್ಲಿರುವ ಎಲೆಯಿಂದ ಜಾರಿದ ಹನಿಯಾದರೋ ಸೆಕೆಂಡಿಗೆ 1.4 ಮೀಟರ್ ವೇಗದಿಂದ ಮಾತ್ರ ನೆಲವನ್ನು ಮುಟ್ಟುತ್ತದೆ. ನೇರವಾಗಿ ಬಿದ್ದ ಅಷ್ಟೇ ಗಾತ್ರದ ಹನಿಗೆ ಹೋಲಿಸಿದರೆ ಅದರ ಶಕ್ತಿ ಇಪ್ಪತ್ತರಲ್ಲಿ ಒಂದು ಪಾಲು. ಆದುದರಿಂದ ನೆಲಕ್ಕೆ ಬೇಕಾದುದು ತಗ್ಗಾದ ಹೊದಿಕೆ.

ಇಂಥ ಹೊದಿಕೆಗೆ ನಮ್ಮ ದೇಶದ್ದೇ ಆದ ಒಂದು ಹೂಗಿಡವಿದೆ. ಸಂಸ್ಕೃತದಲ್ಲಿ ಇದರ ಹೆಸರು ಪೀತಭೃಂಗರಾಜ. ಸಸ್ಯಶಾಸ್ತ್ರಜ್ಞರು ಇದನ್ನು ಸ್ಫ್ಯಾಗ್ನೆಟಿಕೋಲ ಕ್ಯಾಲೆಂಡ್ಯುಲೇಸಿಯ ಎನ್ನುತ್ತಾರೆ. ಹಳೆಯ ಗ್ರಂಥಗಳಲ್ಲಿ ಇದು ವೆಡೆಲಿಯ ಎಂಬ ಕುಲದಲ್ಲಿತ್ತು. ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ ಇದು ಗದ್ದೆಯ ಬದು, ಕಾಲುವೆಯ ದಡ ಮೊದಲಾದ ತೇವದ ನೆಲಗಳಲ್ಲಿ ಹಬ್ಬುತ್ತದೆ. ಕಾಂಡವು ನೆಲವನ್ನು ಮುಟ್ಟಿದ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಎಲೆಗಳು ಎದುರುಬದುರಾಗಿದ್ದು ಈಟಿಯಂತೆ ನೀಳವಾಗಿವೆ; ಮುಟ್ಟಿದರೆ ತುಸು ಒರಟು. ಮನೆಮನೆಯೂ ಅರಿತ ಗರುಗದ ಹೂ ಬಿಳಿ, ಇದರದು ಹಳದಿ.

ನೀಳವಾದ ತೊಟ್ಟಿನ ತುದಿಯಲ್ಲಿ ಕಾಣುವ ಆ ‘ಹೂ’ ವಾಸ್ತವವಾಗಿ ಒಂದು ಹೂವಲ್ಲ, ಹೂಗಳ ಸಭೆ. ಭೂತಗನ್ನಡಿಯಿಂದ ನೋಡಿರಿ. ಅಂಚಿನಲ್ಲಿ ದಳವೆಂದು ತೋರುವ ಒಂದೊಂದೂ ಒಂದು ಹೆಣ್ಣು ಹೂ; ನಡುವಿನ ಪುಟ್ಟ ನಳಿಕೆಗಳು ಗಂಡು ಹೆಣ್ಣು ಎರಡೂ ಅಂಗಗಳುಳ್ಳ ಹೂಗಳು. ಈ ಗಿಡಕ್ಕೆ ರಸಾಯನಶಾಸ್ತ್ರದಲ್ಲಿಯೂ ಸ್ಥಾನವಿದೆ. ಇದರಿಂದ ದೊರೆತ ವೆಡೆಲೊಲ್ಯಾಕ್ಟೋನ್ ಎಂಬ ವಸ್ತುವಿನ ಅಣುರಚನೆಯನ್ನು 1956ರಲ್ಲಿ ಮದರಾಸಿನ ಟಿ. ಆರ್. ಗೋವಿಂದಾಚಾರಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಗಿಡದ ಕುಲನಾಮ ಬದಲಾದರೂ ಹಳೆಯ ಹೆಸರು ಈ ವಸ್ತುವಿನಲ್ಲಿ ಉಳಿದುಕೊಂಡಿದೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಸಸ್ಯದ ಅಂಗಡಿಯಲ್ಲಿ ‘ವೆಡೆಲಿಯ’ ಎಂದು ಕೇಳಿದರೆ ಬಹುಮಟ್ಟಿಗೆ ದೊರೆಯುವುದು ಇದಲ್ಲ, ಇದರ ದಾಯಾದಿ. ಸ್ಫ್ಯಾಗ್ನೆಟಿಕೋಲ ಟ್ರೈಲೋಬೇಟ ಎಂಬ ಆ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ಅದರ ಎಲೆ ಹೊಳಪಾಗಿ ದಪ್ಪಗಿದ್ದು ಸಾಮಾನ್ಯವಾಗಿ ಮೂರು ಹಾಲೆಗಳಾಗಿ ಸೀಳಿರುತ್ತದೆ. ಕತ್ತರಿಸಿ ಎಸೆದ ತುಂಡೊಂದು ಸಾಕು, ಬಿದ್ದಲ್ಲಿಯೇ ಬೇರೂರಿ ಇತರ ಸಸ್ಯಗಳನ್ನು ಮುಚ್ಚಿಬಿಡುತ್ತದೆ. ಜಗತ್ತಿನ ಅತಿ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಒಂದು. ದಕ್ಷಿಣ ಚೀನದಲ್ಲಿ ಈ ಎರಡೂ ಗಿಡಗಳು ಕೂಡಿ ಹುಟ್ಟಿದ ಸಂಕರವೂ ಕಂಡುಬಂದಿದೆ. ಎಂದರೆ ದೇಶೀಯ ಗಿಡವು ತನ್ನ ನೆಲವನ್ನಷ್ಟೇ ಅಲ್ಲ, ತನ್ನತನವನ್ನೂ ಕಳೆದುಕೊಳ್ಳುವ ಸಂಭವವಿದೆ. ಗೆಣ್ಣಿನಲ್ಲಿ ಬೇರು ಬಿಡುವ ಯಾವ ಗುಣವನ್ನು ನಾವು ಮೆಚ್ಚಿದೆವೋ ಅದೇ ಗುಣ ಅಂಕೆ ಮೀರಿದರೆ ಪಿಡುಗಾಗುತ್ತದೆ. ಆದುದರಿಂದ ಕೊಳ್ಳುವ ಮೊದಲು ಹೂವನ್ನಲ್ಲ, ಎಲೆಯನ್ನು ನೋಡಿರಿ.

ಬೆಳೆಸುವ ಕ್ರಮ ಸುಲಭ. ಮುಂಗಾರು ಹಿಡಿದ ಮೇಲೆ ಮೂರು ನಾಲ್ಕು ಗೆಣ್ಣುಗಳುಳ್ಳ ತುಂಡುಗಳನ್ನು ಕತ್ತರಿಸಿಕೊಳ್ಳಬೇಕು. ಬದುವಿನ ಗಿಡದಿಂದ ತರುವುದಾದರೆ ಬುಡವನ್ನು ಕೀಳದೆ ತುದಿಗಳನ್ನು ಮಾತ್ರ ತರತಕ್ಕದ್ದು. ಮಣ್ಣನ್ನು ಸಡಿಲಿಸಿ ಕೊಳೆತ ಗೊಬ್ಬರವನ್ನು ಬೆರೆಸಿ, ಎರಡು ಗೆಣ್ಣು ಹೂತುಹೋಗುವಂತೆ, 30 ಸೆಂಟಿಮೀಟರ್ ಅಂತರದಲ್ಲಿ ನೆಡಬೇಕು. ಚದರ ಮೀಟರಿಗೆ 11 ತುಂಡುಗಳು ಸಾಕು. ಬಿಸಿಲು ಅಥವಾ ಅರೆನೆರಳು ಆಗಬಹುದು, ಆದರೆ ತೇವ ಆರಬಾರದು; ನಲ್ಲಿಯ ಬಳಿ, ಬಚ್ಚಲ ನೀರು ಹರಿಯುವ ಎಡೆ ಒಳ್ಳೆಯದು. ಎಲೆಗಳು ಕೂಡಿ ನೆಲವನ್ನು ಮುಚ್ಚುವವರೆಗೆ ಕಳೆ ಕೀಳುತ್ತ, ನಡುವೆ ಒಣ ತರಗನ್ನು ಹರಡಿರಿ. ಮುಂದೆ ಅಂಚನ್ನು ಆಗಾಗ ಕತ್ತರಿಸಿದರಾಯಿತು.

ಇದರ ಫಲವನ್ನು ನೀವೇ ಅಳೆಯಬಹುದು. ಬರಿಯ ನೆಲದಲ್ಲಿ ಒಂದು, ಈ ಹೊದಿಕೆಯ ನಡುವೆ ಒಂದು, ಹೀಗೆ ಎರಡು ಬಿಳಿಯ ಹಲಗೆಗಳನ್ನು ಮಳೆಗಾಲದಲ್ಲಿ ನೆಟ್ಟಗೆ ನಿಲ್ಲಿಸಿರಿ. ಒಂದು ಮಳೆ ಬಂದು ನಿಂತ ಮೇಲೆ ಎರಡರ ಮೇಲೂ ಸಿಡಿದ ಮಣ್ಣಿನ ಚುಕ್ಕೆಗಳನ್ನು ಎಣಿಸಿ ನೋಡಿರಿ. ಹಲಗೆಯ ಮೇಲೆ ಕಾಣದ ಮಣ್ಣು ನಿಮ್ಮ ತೋಟದಲ್ಲಿಯೇ ಉಳಿದ ಮಣ್ಣು.