ಆಯಿಲ್ ಬದಲಿಸಿದ ಮೇಲೆ ಕಡ್ಡಿಯ ಅಳತೆ ತಪ್ಪುವುದೇಕೆ?



ಬಿ.ಎಂ.ಸಿ. ತೊಟ್ಟಿಯ ಹಾಲನ್ನು ಕಡ್ಡಿ ಇಳಿಸಿ ಅಳೆಯುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ತೊಟ್ಟಿ ಸಮತಟ್ಟಾಗಿರಬೇಕು, ಹಾಲು ಕಲಕುವ ಯಂತ್ರ ನಿಂತಿರಬೇಕು, ನೊರೆ ಇಳಿದಿರಬೇಕು, ಕಡ್ಡಿ ಒಣಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ತಪ್ಪುತ್ತದೆ. ಎಂಜಿನ್ ಆಯಿಲ್ ನೋಡುವ ಡಿಪ್‌ಸ್ಟಿಕ್ ಕಡ್ಡಿಗೂ ಇದೇ ನಿಯಮ.

ಸಂಘದ ಜನರೇಟರ್, ಮೇವು ತರುವ ಟ್ರ್ಯಾಕ್ಟರ್, ಕ್ಯಾನು ಸಾಗಿಸುವ ಬೈಕು ಇವುಗಳ ಆಯಿಲನ್ನು ನಾವೇ ಬದಲಿಸುವುದುಂಟು. ಆಮೇಲೆ ಕಡ್ಡಿ ನೋಡಿದಾಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಕಾಣುತ್ತದೆ. ಗಾಬರಿಯಿಂದ ಇನ್ನೊಂದು ಲೀಟರ್ ಸುರಿದುಬಿಡುತ್ತೇವೆ. ಕರೆಂಟ್ ಹೋದ ರಾತ್ರಿ ಜನರೇಟರ್ ಕೈಕೊಟ್ಟರೆ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಬೇಕಾದ ಹಾಲು ಒಡೆದು, ಊರಿನವರೆಲ್ಲರ ಒಂದು ಹೊತ್ತಿನ ದುಡಿಮೆ ಹಾಳಾಗುತ್ತದೆ.

ಅಳತೆ ತಪ್ಪಲು ಕಾರಣಗಳು

1. ಫಿಲ್ಟರ್ ಖಾಲಿ ಇರುವುದು: ಹೊಸ ಫಿಲ್ಟರ್ ಹಾಕಿದಾಗ ಅದರೊಳಗೆ ಆಯಿಲ್ ಇರುವುದಿಲ್ಲ. ಸುರಿದ ಆಯಿಲೆಲ್ಲ ಕೆಳಗಿನ ಚೇಂಬರಿನಲ್ಲೇ ನಿಂತು ಮಟ್ಟ ಹೆಚ್ಚು ತೋರಿಸುತ್ತದೆ. ಎಂಜಿನ್ ಓಡಿದೊಡನೆ ಫಿಲ್ಟರ್ ತುಂಬಿ ಮಟ್ಟ ಇಳಿಯುತ್ತದೆ. ಇದು ದೋಷವಲ್ಲ.

2. ನಿಲ್ಲಿಸಿದ ಕೂಡಲೇ ನೋಡುವುದು: ಆಗ ಆಯಿಲಿನ ಒಂದು ಭಾಗ ಇನ್ನೂ ಮೇಲೆಯೇ ಇರುತ್ತದೆ, ಕಡ್ಡಿ ಕಡಿಮೆ ತೋರಿಸುತ್ತದೆ. ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ.

3. ಇಳಿಜಾರು ನೆಲ: ಟ್ರ್ಯಾಕ್ಟರ್ ವಾಲಿ ನಿಂತಿದ್ದರೆ, ಬೈಕು ಪಕ್ಕದ ಸ್ಟ್ಯಾಂಡಿನ ಮೇಲಿದ್ದರೆ ಅಳತೆ ನಂಬುವಂತಿಲ್ಲ.

4. ಕಡ್ಡಿ ಸರಿಯಾಗಿ ಕೂರದಿರುವುದು: ಕಡ್ಡಿ ಪೂರ್ತಿ ಇಳಿಯದಿದ್ದರೆ ಕಡಿಮೆ ತೋರಿಸುತ್ತದೆ. ತಿರುಪು ಇರುವ ಕಡ್ಡಿಯ ವಿಷಯದಲ್ಲಿ ಎಚ್ಚರ ಬೇಕು. ಅನೇಕ ಬೈಕುಗಳಲ್ಲಿ ಅದನ್ನು ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು. ಅಂತಹದನ್ನು ತಿರುಗಿಸಿ ನೋಡಿದರೆ ಕಡ್ಡಿ ಆಳಕ್ಕೆ ಹೋಗಿ, ಆಯಿಲ್ ಕಡಿಮೆ ಇದ್ದರೂ ಸಾಕಷ್ಟಿದೆ ಎಂದು ತೋರಿಸುತ್ತದೆ. ನಿಮ್ಮ ವಾಹನದ ಪುಸ್ತಕದಲ್ಲಿ ಹೇಳಿದಂತೆ ಮಾಡಿ.

5. ಹಳೆಯ ಆಯಿಲ್ ಉಳಿಯುವುದು: ತಣ್ಣಗಿರುವ ಎಂಜಿನ್ನಿನಿಂದ ಆಯಿಲ್ ಪೂರ್ತಿ ಇಳಿಯುವುದಿಲ್ಲ. ಅದರ ಮೇಲೆ ಪುಸ್ತಕದ ಪ್ರಮಾಣವನ್ನೇ ಸುರಿದರೆ ಮಟ್ಟ ಏರುತ್ತದೆ. ಎಂಜಿನ್ ಬೆಚ್ಚಗಿದ್ದಾಗ ಇಳಿಸಿ.

ಸರಿಯಾದ ಕ್ರಮ

ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಆಯಿಲ್ ಹಾಕಿ ಎಂಜಿನ್ ಚಾಲೂ ಮಾಡಿ. ಆಯಿಲ್ ಒತ್ತಡದ ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಿ. ಎರಡು ಮೂರು ನಿಮಿಷ ನಿಧಾನ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷ ಬಿಡಿ. ಪುಸ್ತಕದಲ್ಲಿ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ಮೊದಲ ಸಲ ತೆಗೆದ ಕಡ್ಡಿಯ ಅಳತೆ ಲೆಕ್ಕಕ್ಕಿಲ್ಲ. ಶುಭ್ರ ಬಟ್ಟೆಯಿಂದ ಒರೆಸಿ ಮತ್ತೆ ಇಳಿಸಿ ತೆಗೆಯಿರಿ. ಎರಡೂ ಮಗ್ಗುಲು ನೋಡಿ, ಕಡಿಮೆ ಇರುವುದನ್ನೇ ಹಿಡಿಯಿರಿ. ಹೊಸ ಆಯಿಲ್ ತಿಳಿಯಾಗಿರುವುದರಿಂದ ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆ ಕಾಣುತ್ತದೆ. ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಕಡಿಮೆ ಇದ್ದರೆ ಕಾಲು ಲೀಟರಿಗಿಂತ ಹೆಚ್ಚು ಒಮ್ಮೆಲೇ ಹಾಕದೆ, ಮತ್ತೆ ಅಳೆಯಿರಿ.

"ಹೆಚ್ಚಾದರೆ ಒಳ್ಳೆಯದೇ ತಾನೆ?" ಎನ್ನುವವರಿದ್ದಾರೆ. ಅಲ್ಲ. ಮಟ್ಟ ಮಿತಿ ಮೀರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವ ಗಾಳಿ ಬೇರಿಂಗುಗಳನ್ನು ಕಾಪಾಡಲಾರದು. ಸೀಲುಗಳು ಸೋರುತ್ತವೆ, ನೀಲಿ ಹೊಗೆ ಬರುತ್ತದೆ. ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಉರಿಸುತ್ತ ಹತೋಟಿ ತಪ್ಪಿ ಓಡುವ ಅಪಾಯವೂ ಇದೆ. ಹೆಚ್ಚಾದದ್ದನ್ನು ಇಳಿಸಿಯೇ ಚಾಲೂ ಮಾಡಿ.

ಅಳತೆ ಸರಿಯಿದ್ದೂ ಮಟ್ಟ ಬದಲಾದರೆ

ಸರಿಯಾಗಿ ಅಳೆದರೂ ದಿನ ಕಳೆದಂತೆ ಮಟ್ಟ ಏರಿದರೆ ಅದು ರೋಗದ ಲಕ್ಷಣ. ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೇರುತ್ತಿದೆ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಎರಡರಲ್ಲೂ ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್ಕಿಗೆ ತೋರಿಸಿ. ಮಟ್ಟ ಇಳಿಯುತ್ತಿದ್ದರೆ ಮೊದಲು ಡ್ರೈನ್ ಬೋಲ್ಟು, ಅದರ ವಾಷರ್ ಮತ್ತು ಫಿಲ್ಟರ್ ನೋಡಿ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತರೆ ಆಯಿಲ್ ಸೋರಿಹೋಗುತ್ತದೆ.

ಕೊನೆಯದಾಗಿ ಎರಡು ಮಾತು. ಹಾಲಿನ ಲೀಟರ್ ಮಾಪಕದಲ್ಲಿ ಎಂದಿಗೂ ಆಯಿಲ್ ಅಳೆಯಬೇಡಿ. ಉಣ್ಣೆ ಹೋಗಲೆಂದು ಹಳೆಯ ಆಯಿಲನ್ನು ದನಗಳ ಮೈಗೆ ಹಚ್ಚಬೇಡಿ. ದನ ನೆಕ್ಕಿದರೆ ವಿಷ ಒಳಸೇರುತ್ತದೆ. ಉಣ್ಣೆಗೆ ಪಶುವೈದ್ಯರಿಂದ ಔಷಧ ಪಡೆಯಿರಿ.

ನೆನಪಿಡಿ: ಸಮತಟ್ಟು ನೆಲ, ಹತ್ತು ನಿಮಿಷ, ಒರೆಸಿದ ಕಡ್ಡಿ. ಈ ಮೂರೂ ಆದ ಮೇಲೆಯೇ ಆಯಿಲ್ ಡಬ್ಬದ ಮುಚ್ಚಳ ತೆಗೆಯಿರಿ.