ಪುಟ್ಟ ಉಗಿ ಯಂತ್ರ

ಸೈಕಲ್ ಪಂಪು ನಿಮಗೆಲ್ಲ ಗೊತ್ತು. ಕೊಳವೆಯೊಳಗೆ ಒಂದು ಸರಳು. ಸರಳಿನ ತುದಿಗೆ ಚರ್ಮದ ವಾಷರು. ಸರಳನ್ನು ಒತ್ತಿದರೆ ಗಾಳಿ ಟ್ಯೂಬಿಗೆ ಹೋಗುತ್ತೆ. ವಾಷರು ಸವೆದರೆ ಏನಾಗುತ್ತೆ? ಎಷ್ಟು ಒತ್ತಿದರೂ ಗಾಳಿ ಪಕ್ಕದಿಂದ ನುಸುಳಿ ಬರುತ್ತೆ. ನಮ್ಮ ತೋಳು ನೋಯುತ್ತೆ, ಟೈರು ಮಾತ್ರ ಉಬ್ಬೋದೇ ಇಲ್ಲ.

ಉಗಿ ಯಂತ್ರ ಈ ಪಂಪಿನ ಉಲ್ಟಾ. ಇಲ್ಲಿ ಕೈ ಒತ್ತುವುದಿಲ್ಲ, ಉಗಿ ಒತ್ತುತ್ತದೆ. ನೀರು ಕುದಿದು ಉಗಿಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಆ ಬಲ ಕೊಳವೆಯೊಳಗಿನ ತುಂಡನ್ನು ದೂಡುತ್ತದೆ. ಕೊಳವೆಗೆ ಸಿಲಿಂಡರ್ ಎಂದು ಹೆಸರು. ಒಳಗೆ ಓಡಾಡುವ ತುಂಡು ಪಿಸ್ಟನ್.

ಇವೆರಡೂ ಹೊಂದಿಕೊಳ್ಳುವುದೇ ಕಷ್ಟದ ಕೆಲಸ. ಜೇಮ್ಸ್ ವಾಟ್ ಎಂಬ ಸ್ಕಾಟ್ಲೆಂಡಿನ ಕುಶಲಕರ್ಮಿ 1765ರಲ್ಲಿ ಕಡಿಮೆ ಕಲ್ಲಿದ್ದಲಿನಲ್ಲಿ ನಡೆಯುವ ಯಂತ್ರದ ಉಪಾಯ ಕಂಡುಕೊಂಡ. ಆದರೆ ಅದು ಕೆಲಸಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ಯಾಕೆ? ಹಣದ ತೊಂದರೆಯೂ ಇತ್ತು. ಜೊತೆಗೆ ಆಗಿನ ಸಿಲಿಂಡರುಗಳು ಸರಿಯಾಗಿ ದುಂಡಗಿರಲಿಲ್ಲ. ಉಗಿ ಸೋರುತ್ತಿತ್ತು. ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ 1774ರಲ್ಲಿ ಫಿರಂಗಿ ಕೊರೆಯಲು ಹೊಸ ವಿಧಾನ ತಂದಿದ್ದ. ಆಮೇಲೆ ವಾಟನ ಸಿಲಿಂಡರುಗಳನ್ನೂ ಅವನೇ ಕೊರೆದುಕೊಟ್ಟ. 50 ಅಂಗುಲ ಅಗಲದ ಸಿಲಿಂಡರಿನಲ್ಲೂ ತಪ್ಪು ಒಂದು ಹಳೆ ನಾಣ್ಯದ ದಪ್ಪದಷ್ಟೂ ಇರಲಿಲ್ಲವಂತೆ. 1776ರಲ್ಲಿ ವಾಟನ ಯಂತ್ರಗಳು ಕೆಲಸ ಶುರು ಮಾಡಿದವು.

ಇಂಥ ಯಂತ್ರವನ್ನು ಪುಟ್ಟದಾಗಿ ಮನೆಯಲ್ಲೇ ಮಾಡುವ ಹವ್ಯಾಸಿಗಳು ಇದ್ದಾರೆ. ಸಣ್ಣ ಲೇತ್, ಡ್ರಿಲ್, ಅರ ಇದ್ದರೆ ಆಗುತ್ತೆ. ಸುಲಭವಾದದ್ದು ತೂಗುವ ಸಿಲಿಂಡರಿನ ಯಂತ್ರ. ನಾವು ಅದನ್ನೇ ನೋಡೋಣ.

ನಿಂತ ಲೋಹದ ಹಲಗೆಗೆ ಹಿತ್ತಾಳೆಯ ಸಿಲಿಂಡರನ್ನು ಒಂದು ಪಿನ್ನಿನಿಂದ ಸೇರಿಸುತ್ತೇವೆ. ಅದು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ. ಪಿನ್ನಿನಿಂದ 50 ಮಿಲಿಮೀಟರು ಕೆಳಗೆ ಚಕ್ರದ ಅಚ್ಚು. ಅಚ್ಚಿನಿಂದ 10 ಮಿಲಿಮೀಟರು ದೂರದಲ್ಲಿ ಒಂದು ಮೊಳೆ. ಪಿಸ್ಟನ್ನಿನ ಸರಳು ಈ ಮೊಳೆಗೆ ಸೇರುತ್ತದೆ. ಚಕ್ರ ಸುತ್ತಿದಂತೆ ಸಿಲಿಂಡರ್ ತೂಗುತ್ತದೆ.

ಉಗಿಯ ದಾರಿ ಹೇಗೆ? ಪಿನ್ನಿನಿಂದ 15 ಮಿಲಿಮೀಟರು ಮೇಲೆ ಸಿಲಿಂಡರಿಗೆ ಒಂದು ತೂತು. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. 50ಕ್ಕೆ 10 ಆದರೆ 15ಕ್ಕೆ ಎಷ್ಟು? 3. ಅಂದರೆ ತೂತು ಎಡಕ್ಕೆ 3, ಬಲಕ್ಕೆ 3 ಮಿಲಿಮೀಟರು ಸರಿಯುತ್ತದೆ. ಹಲಗೆಯಲ್ಲಿ ಆ ಎರಡು ಜಾಗದಲ್ಲಿ ತೂತು ಕೊರೆಯುತ್ತೇವೆ. ಒಂದು ಉಗಿ ಬರುವ ದಾರಿ, ಇನ್ನೊಂದು ಹೋಗುವ ದಾರಿ. ತೂತುಗಳ ಅಗಲ ಎರಡೂವರೆ ಮಿಲಿಮೀಟರು ಸಾಕು. 3ಕ್ಕಿಂತ ದೊಡ್ಡದಾದರೆ ಎರಡು ದಾರಿಯೂ ಒಟ್ಟಿಗೆ ತೆರೆದು ಉಗಿ ಸುಮ್ಮನೆ ಹಾರಿಹೋಗುತ್ತೆ. ದಾರಿಗಳನ್ನು ಅದಲುಬದಲು ಮಾಡಿದರೆ ಚಕ್ರ ಹಿಂದಕ್ಕೆ ತಿರುಗುತ್ತೆ!

ಸಿಲಿಂಡರಿನ ಒಳಅಗಲ 12 ಮಿಲಿಮೀಟರು. ಮೊದಲು ಲೇತಿನಲ್ಲಿ ಸ್ವಲ್ಪ ಕಿರಿದಾಗಿ ಕೊರೆದು, ರೀಮರಿನಿಂದ ನಯ ಮಾಡಬೇಕು. ಪಿಸ್ಟನ್ನನ್ನು ಅದಕ್ಕಿಂತ ಕೂದಲೆಳೆಗೂ ಕಡಿಮೆ ಅಂತರ ಬಿಟ್ಟು ಕಡೆಯಬೇಕು. ಕೊನೆಗೆ ಒಂದು ಹನಿ ಎಣ್ಣೆ. ಸಿಲಿಂಡರಿನ ತೂತನ್ನು ಬೆರಳಿನಿಂದ ಮುಚ್ಚಿ ನಿಲ್ಲಿಸಿ. ಪಿಸ್ಟನ್ ಬೀಳಬಾರದು. ಬೆರಳು ತೆಗೆದರೆ ಮೆಲ್ಲಗೆ ಜಾರಬೇಕು. ಹಾಗಾದರೆ ಹೊಂದಿತು ಅಂತ ತಿಳಿಯಿರಿ.

ಮೊದಲ ಪರೀಕ್ಷೆಗೆ ಉಗಿ ಬೇಡವೇ ಬೇಡ. ಅದೇ ಸೈಕಲ್ ಪಂಪಿನ ಗಾಳಿ ಸಾಕು. ಕೈಯಿಂದ ಚಕ್ರ ಸ್ವಲ್ಪ ತಿರುಗಿಸಿಕೊಟ್ಟರೆ ಯಂತ್ರ ಟಪಟಪ ಓಡುತ್ತೆ.

ಉಗಿ ಬೇಕೆಂದರೆ ಬಾಯ್ಲರ್ ಬೇಕು. ಇಲ್ಲಿ ಅಂದಾಜು ನಡೆಯೋದಿಲ್ಲ. ಎಣ್ಣೆ ಡಬ್ಬಕ್ಕೆ ಬೆಸುಗೆ ಹಾಕಿ ಕಾಯಿಸಬೇಡಿ. ಕುಕ್ಕರಿಗೆ ಕೊಳವೆ ಸಿಕ್ಕಿಸಬೇಡಿ. ಅದು ಸಿಡಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಬಾಯ್ಲರನ್ನು ತಾಮ್ರದಲ್ಲಿ ಮಾಡುತ್ತಾರೆ. ಬೆಳ್ಳಿ ಬೆರೆತ ಬೆಸುಗೆ ಹಾಕುತ್ತಾರೆ. ಒತ್ತಡ ಹೆಚ್ಚಾದರೆ ತಾನೇ ತೆರೆಯುವ ವಾಲ್ವ್ ಇರಲೇಬೇಕು. ಇದನ್ನು ಬಲ್ಲವರಿಂದಲೇ ಮಾಡಿಸಬೇಕು.

ಪರೀಕ್ಷೆಯೂ ತಣ್ಣೀರಿನಲ್ಲೇ. ಗಾಳಿ ಉಳಿಯದಂತೆ ಬಾಯ್ಲರ್ ತುಂಬ ನೀರು ತುಂಬಿ, ಕೈಪಂಪಿನಿಂದ ಎರಡರಷ್ಟು ಒತ್ತಡ ಕೊಟ್ಟು ನೋಡುತ್ತಾರೆ. ತಣ್ಣೀರು ಉಗಿಯಂತೆ ಹಿಗ್ಗುವುದಿಲ್ಲ. ಬೆಸುಗೆ ಬಿಟ್ಟರೆ ನೀರು ಚಿಮ್ಮಿ ಒತ್ತಡ ಇಳಿಯುತ್ತೆ, ಅಷ್ಟೆ. ಎಲ್ಲೂ ಸೋರಲಿಲ್ಲ, ಉಬ್ಬಲಿಲ್ಲ ಎಂದ ಮೇಲೆಯೇ ಕೆಳಗೆ ಬೆಂಕಿ.